ತಮ್ಮನ ಬಸ್ಸಿಗೆ ಬಿಡಿಭಾಗ ಆರಿಸಿದ ಸ್ಕ್ರೂ ಟೀಚರು

ಕಂಪ್ಯೂಟರ್ ಅಂಗಡಿಗೆ ಕಾಲಿಟ್ಟರೆ ಯಾರಾದರೂ ಮೊದಲು ಕೇಳುವುದು, ಎಷ್ಟರೊಳಗೆ ಬೇಕು ಅಂತ. ಸ್ಕ್ರೂ ಟೀಚರು ನನ್ನನ್ನು ಮೊದಲು ಕೇಳಿದ್ದು ಬೇರೆ.

"ಅದರ ಮುಂದೆ ಕೂತ್ಕೊಳ್ಳೋರು ಯಾರಮ್ಮಾ?"

"ನನ್ನ ತಮ್ಮ," ಅಂದೆ.

"ವಯಸ್ಸು?"

"ಅರವತ್ತೊಂದು."

ಅವರು ನಗಲಿಲ್ಲ. ಅದಕ್ಕೇ ನಾನು ಅಲ್ಲಿ ನಿಂತೆ. ನಕ್ಕಿದ್ದರೆ ಮೆಟ್ಟಿಲಿಳಿದು ಮನೆಗೆ ಬಂದುಬಿಡುತ್ತಿದ್ದೆ, ಈ ಬರಹವೂ ಇರುತ್ತಿರಲಿಲ್ಲ.

ನಾನು ಅಲ್ಲಿಗೆ ಹೋಗಿದ್ದು ಫೋನಿನ ಚಾರ್ಜರಿಗೆ. ಚಪ್ಪಲಿ ರಿಪೇರಿಯವನ ತಲೆಯ ಮೇಲೆ, ಮೊದಲ ಮಹಡಿಯಲ್ಲಿ, ಒಂದೇ ಕೋಣೆಯ ಅಂಗಡಿ ಅದು. ನನಗಿಂತ ಮುಂಚೆ ಬಂದವರೊಬ್ಬರು ಆಟಕ್ಕೆ ಹಾಕಿಕೊಳ್ಳುವ ಸ್ಟೇರಿಂಗ್ ಇದೆಯಾ ಅಂತ ವಿಚಾರಿಸುತ್ತಿದ್ದರು. ಆಟಕ್ಕೆ ಸ್ಟೇರಿಂಗಾ ಅಂತ ನನ್ನ ಕಿವಿ ನೆಟ್ಟಗಾಯಿತು. ನನಗೆ ಓದು ನಾಲ್ಕನೇ ಕ್ಲಾಸಿಗೇ ನಿಂತಿತು. ಆಮೇಲೆ ಕಲಿತಿದ್ದೆಲ್ಲ ಕಿವಿಯಿಂದಲೇ. ಅವರು ಹೋಗುವ ತನಕ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡೆ. ಆಮೇಲೆ ಎದ್ದು ಕೇಳಿದೆ, "ಅದರಲ್ಲಿ ಕಾರೊಂದೇನಾ, ಬಸ್ಸೂ ಓಡಿಸಬಹುದಾ?"

"ಬಸ್ಸೂ ಓಡಿಸಬಹುದು. ಸ್ಟಾಪ್ ಬಂದಾಗ ನಿಲ್ಲಿಸಬೇಕು, ಬಾಗಿಲು ತೆಗೀಬೇಕು, ಜನ ಹತ್ತಿಸ್ಕೋಬೇಕು," ಅಂದರು.

ನನ್ನ ತಮ್ಮ ಮೂವತ್ತೊಂದು ವರ್ಷ ಬಸ್ ಓಡಿಸಿದವನು. ನಿವೃತ್ತಿಯಾಗಿ ವರ್ಷ ತುಂಬುವ ಮುಂಚೆ ಎಡಭಾಗಕ್ಕೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಆದರೆ ಆಡುವುದನ್ನು ಅವನೇ ಬಿಟ್ಟ. ಕಾಲು ಎಳೆದುಕೊಂಡಾದರೂ ನಡೆಯುತ್ತಿದ್ದ. ಎಡಗೈಯನ್ನು ಮಾತ್ರ ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡು ಕೂತುಬಿಟ್ಟ. ಯಾರದೋ ಸಾಮಾನು ಕಾಯುತ್ತಿರುವವನ ಹಾಗೆ. ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳಿದರೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದ.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು ಒಂದು ರಬ್ಬರ್ ಚೆಂಡು ಕೊಟ್ಟು, ದಿನಕ್ಕೆ ನೂರು ಸಲ ಹಿಚುಕಿ ಅಂದರು. "ಚೆಂಡು ಹಿಚುಕೋಕೆ ನಾನೇನು ತೊಟ್ಟಿಲ ಮಗುನಾ?" ಅಂತ ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟ. ಆಕೆ ಹೊರಡುವಾಗ ಬಾಗಿಲ ಬಳಿ ನನ್ನನ್ನು ನಿಲ್ಲಿಸಿ, "ಕೈಯಲ್ಲಿ ಇನ್ನೂ ಜೀವ ಇದೆ ಅಮ್ಮಾ. ಇವರು ಕೆಲಸ ಕೊಡ್ತಿಲ್ಲ. ಇನ್ನಾರು ತಿಂಗಳು ಹೀಗೇ ಬಿಟ್ರೆ ಬೆರಳು ಮರಗಟ್ಟುತ್ತೆ, ಆಮೇಲೆ ನನ್ನನ್ನ ಕರೆದು ಪ್ರಯೋಜನ ಇಲ್ಲ," ಅಂದರು. ನಾನು ಚಾರ್ಜರಿಗೆ ಹೋದ ಹೊತ್ತಿಗೆ ಆ ಆರು ತಿಂಗಳಲ್ಲಿ ಒಂದು ತಿಂಗಳು ಮುಗಿದಿತ್ತು.

ಇದನ್ನೆಲ್ಲ ಟೀಚರಿಗೆ ಹೇಳಿದೆ. ಅವರು ತುರುಬಿಗೆ ಸಿಕ್ಕಿಸಿದ್ದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಮೇಜಿನ ಮೇಲಿಟ್ಟು ಕೇಳಿಸಿಕೊಂಡರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು. "ಗೇರು ಯಾವ ಕೈಯಲ್ಲಿ ಹಾಕ್ತಿದ್ರು?"

"ಎಡಗೈಲಿ."

"ಮತ್ತಿನ್ನೇನು," ಅಂದರು. ಚಾರ್ಜರ್ ಕೊಡುವುದನ್ನು ಅವರೂ ಮರೆತರು, ತೆಗೆದುಕೊಳ್ಳುವುದನ್ನು ನಾನೂ ಮರೆತೆ.

ಈ ಟೀಚರು ಯಾರು ಅಂತ ಇಲ್ಲೇ ಹೇಳಿಬಿಡುತ್ತೇನೆ. ಅದೇ ಕೋಣೆಯಲ್ಲಿ ಅವರು ಹದಿನಾಲ್ಕು ವರ್ಷ ಟೈಪಿಂಗ್ ಕಲಿಸಿದವರು. ಹನ್ನೆರಡು ಮೆಷೀನು ಒಟ್ಟಿಗೆ ಬಡಿಯುತ್ತಿದ್ದರೆ ಕೆಳಗಿನ ಚಪ್ಪಲಿಯವನಿಗೆ ಸುತ್ತಿಗೆ ತನ್ನದೋ ಮೇಲಿನದೋ ತಿಳಿಯುತ್ತಿರಲಿಲ್ಲವಂತೆ. ಕಲಿಯುವವರು ಕಡಿಮೆಯಾದ ಮೇಲೆ ಒಂದು ಕಂಪ್ಯೂಟರ್ ತಂದು ಇಟ್ಟರು. ಮೂರನೇ ವಾರಕ್ಕೆ ಅದು ಕೆಟ್ಟಿತು. ರಿಪೇರಿಯವನು ಇವತ್ತು ನಾಳೆ ಅಂತ ಎಂಟು ದಿನ ಸತಾಯಿಸಿದ. ಒಂಬತ್ತನೇ ದಿನ ಇವರೇ ಬಾಗಿಲು ಹಾಕಿಕೊಂಡು ಪೆಟ್ಟಿಗೆ ಬಿಚ್ಚಿದರು. ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಬಿಳಿ ಹಾಳೆಯ ಮೇಲೆ ಅದು ಇದ್ದ ಜಾಗಕ್ಕೆ ಸರಿಯಾಗಿ ಇಟ್ಟು ಸುತ್ತ ಪೆನ್ಸಿಲಿನಲ್ಲಿ ಗೀರಿಕೊಂಡರು. ಒಳಗೆ ಒಂದು ತಂತಿ ಸಡಿಲವಾಗಿತ್ತು, ಅಷ್ಟೆ. "ಎಂಟು ದಿನ ನಾನು ಹೆದರಿದ್ದು ಇದಕ್ಕಾ ಅಂತ ನಂಗೇ ನಾಚಿಕೆ ಆಯ್ತು," ಅಂತ ಹೇಳಿ ನಗುತ್ತಿದ್ದರು. ಈಗಲೂ ಯಾವ ಪೆಟ್ಟಿಗೆ ಬಿಚ್ಚಿದರೂ ಹಾಳೆ ಹಾಸಿಯೇ ಬಿಚ್ಚುವುದು. ಆದ್ದರಿಂದ ಸ್ಕ್ರೂ ಟೀಚರು. ಕರೆಯುವಾಗ ಬರೀ ಟೀಚರು.

ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮನೆಗೆ ಬಂದರು. ಗೇಮಿಂಗ್ ಕಂಪ್ಯೂಟರ್ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ತಮ್ಮನ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಅತ್ತಿಗೆ, ನಿಮಗೇನಾದ್ರೂ ಬುದ್ಧಿ ಇದೆಯಾ? ಇವರು ಊಟಕ್ಕೇ ಎದ್ದು ಬರಲ್ಲ, ಇನ್ನು ಆಟಕ್ಕೆ ಬರ್ತಾರಾ?"

"ಊಟಕ್ಕೆ ಬರ್ದೇ ಇರೋದು ನನ್ನ ತಪ್ಪಲ್ಲ, ಅಡುಗೆಯವರದು," ಅಂದ ತಮ್ಮ, ಗೋಡೆ ನೋಡುತ್ತಲೇ. ನಾಲ್ಕು ದಿನದಲ್ಲಿ ಅವನು ಆಡಿದ ಮೊದಲನೇ ಮಾತು ಅದು.

ಟೀಚರು ಅವನ ಎದುರು ಕುರ್ಚಿ ಎಳೆದು ಕೂತರು. ಅಂಗಡಿಯಿಂದ ತಂದಿದ್ದ ರಟ್ಟಿನ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲ್ ತೆಗೆದರು. ಆಟದ ಮಾತೇ ಎತ್ತಲಿಲ್ಲ. "ಸರ್, ಒಂದು ಗಾಡಿ ಕಟ್ತಾ ಇದೀನಿ. ನಂಗೆ ಗಾಡಿ ಗೊತ್ತಿಲ್ಲ. ಸ್ವಲ್ಪ ಹೇಳಿಕೊಡಿ," ಅಂದರು.

ತಮ್ಮ ಅವರನ್ನು ನೋಡಿದ. "ಏನು ಗಾಡಿ?"

"ಇದು ಪ್ರೊಸೆಸರ್ರು. ಎಂಜಿನ್ ಅಂದ್ಕೊಳ್ಳಿ. ಮೂರು ಥರ ಇದೆ. ಚಿಕ್ಕದು, ನಡುವಿನದು, ದೊಡ್ಡದು. ಯಾವುದು ಹಾಕ್ಲಿ?"

"ಹೊರೆ ಎಷ್ಟು?"

"ಅಂದ್ರೆ?"

"ಎಷ್ಟು ಜನ ಹತ್ತುತಾರೆ, ಯಾವ ರಸ್ತೆ, ಏರು ಇದೆಯಾ? ಅದು ತಿಳೀದೆ ಎಂಜಿನ್ ಆರಿಸೋದು ಯಾರು?"

ಟೀಚರು ತಲೆಯಾಡಿಸಿ ಬರೆದುಕೊಂಡರು. ಬಸ್ಸಿನ ಆಟದಲ್ಲಿ ರಸ್ತೆಯ ತುಂಬ ಬೇರೆ ಗಾಡಿಗಳು, ಫುಟ್‌ಪಾತಿನ ತುಂಬ ಜನ ಇರುತ್ತಾರೆ, ಅವರನ್ನೆಲ್ಲ ಓಡಾಡಿಸುವುದು ಪ್ರೊಸೆಸರ್ರು, ಅವರ ಚಿತ್ರ ಬರೆಯುವುದು ಗ್ರಾಫಿಕ್ಸ್ ಕಾರ್ಡು ಅಂತ ವಿವರಿಸಿದರು. ಆಟದವರೆಲ್ಲ ಕಾರ್ಡಿಗೇ ಹೆಚ್ಚು ಸುರಿಯುತ್ತಾರಂತೆ, ಗುಂಡು ಹಾರಿಸುವ ಆಟಕ್ಕೆ ಅದು ಸರಿಯಂತೆ. ಬಸ್ಸಿಗೆ ಮಾತ್ರ ಎಂಜಿನ್ನೇ ಗಟ್ಟಿ ಇರಬೇಕು.

"ಹಾಗಾದ್ರೆ ನಡುವಿನದರಲ್ಲಿ ಒಳ್ಳೇದು ಹಾಕಿ," ಅಂದ ತಮ್ಮ. "ದೊಡ್ಡದು ಬೇಡ. ಸಿಟೀಲಿ ಓಡೋ ಗಾಡಿಗೆ ಅಷ್ಟು ದೊಡ್ಡ ಎಂಜಿನ್ ಹಾಕಿದ್ರೆ ಬಿಸಿ ಏರುತ್ತೆ, ಅಷ್ಟೆ. ರೇಡಿಯೇಟರ್ರು ಯಾವುದು ಇಟ್ಟಿದೀರಿ?"

ಪ್ರೊಸೆಸರ್ ಜೊತೆ ಬರುವ ಪುಟ್ಟ ಫ್ಯಾನನ್ನು ಟೀಚರು ಬರೆದಿದ್ದರು. ಅದನ್ನು ಕೇಳಿ ತಮ್ಮ 'ಛಿ' ಅಂದ. ಎಂಜಿನ್ ಒಳ್ಳೆಯದು ಹಾಕಿ ನೀರಿಗೆ ಜಿಪುಣತನ ಮಾಡಿದ ಗಾಡಿಗಳನ್ನು ಎಷ್ಟು ಸಲ ದಾರಿಯಲ್ಲಿ ನಿಲ್ಲಿಸಿಕೊಂಡು ನಿಂತಿದ್ದೇನೆ ಗೊತ್ತಾ ಅಂತ ಶುರುಮಾಡಿದವನು ಕಾಲು ಗಂಟೆ ನಿಲ್ಲಿಸಲಿಲ್ಲ. ತಮ್ಮನ ಹೆಂಡತಿ ಸೌಟು ಹಿಡಿದು ನಿಂತಲ್ಲೇ ನಿಂತಿದ್ದಳು. ಒಳಗಿನಿಂದ ಸೀದ ವಾಸನೆ ಬಂದ ಮೇಲೇ ಅವಳಿಗೆ ಒಲೆಯ ನೆನಪಾದದ್ದು.

ಆ ವಾರ ಟೀಚರು ಮೂರು ಸಲ ಬಂದರು. ರಟ್ಟಿನ ಮೇಲೆ ಬರೆಯುವುದು, ಹೊಡೆದುಹಾಕುವುದು, ಮತ್ತೆ ಬರೆಯುವುದು. ಖರ್ಚಿಗೆ ಅವನ ಸ್ಕೂಟರ್ ಮಾರಿದ ಹಣವಿತ್ತು. ಟೀಚರಿಗೆ ಅದನ್ನು ಮೊದಲೇ ತಿಳಿಸಿದ್ದೆ. ಬಿಡಿಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಬೇಕಂತೆ. ಬೋರ್ಡು ಅಂದರೆ ಎಲ್ಲ ಭಾಗ ಸಿಕ್ಕಿಸುವ ಹಲಗೆ, ಆ ಕಂಪನಿಯದಕ್ಕೆ ಮಾಡಿದ ಬೋರ್ಡಿನಲ್ಲಿ ಈ ಕಂಪನಿಯ ಪ್ರೊಸೆಸರ್ ಕೂರುವುದಿಲ್ಲ. ಉದ್ದನೆಯ ಕಾರ್ಡು ಗಿಡ್ಡ ಪೆಟ್ಟಿಗೆಯೊಳಗೆ ಹೋಗುವುದಿಲ್ಲ. ಎತ್ತರದ ಫ್ಯಾನ್ ಹಾಕಿದರೆ ಪಕ್ಕದ ಬಾಗಿಲು ಮುಚ್ಚುವುದಿಲ್ಲ. "ಇದಕ್ಕೂ ಇದಕ್ಕೂ ಕೂಡಿಬರಲ್ಲ, ಇದಕ್ಕೆ ಅದು ಸರಿಹೋಗುತ್ತೆ," ಅಂತ ಅವರು ಗೆರೆ ಎಳೆಯುತ್ತಿದ್ದರೆ ತಮ್ಮನ ಹೆಂಡತಿ ಸುಮ್ಮನಿರಲಾರದೆ ಕೇಳಿದಳು, "ಇಷ್ಟು ಚೆನ್ನಾಗಿ ಸಂಬಂಧ ಕೂಡಿಸ್ತೀರಲ್ಲ ಟೀಚರೇ, ನಿಮಗ್ಯಾಕೆ ಒಂದು ಕೂಡಿಬರಲಿಲ್ಲ?"

"ನನ್ನ ಸ್ಲಾಟು ಹಳೇ ಕಾಲದ್ದು ಕಣಮ್ಮಾ. ಅದಕ್ಕೆ ಹೊಂದೋ ಪಾರ್ಟು ತಯಾರಾಗೋದೇ ನಿಂತೋಯ್ತು," ಅಂದರು ಟೀಚರು, ತಲೆ ಎತ್ತದೆ. ತಮ್ಮ ಜೋರಾಗಿ ನಕ್ಕ. ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ರ‍್ಯಾಮ್ ಅನ್ನುವುದು ಸೀರೆಯ ಪಿನ್ನಿನ ಪೆಟ್ಟಿಗೆಗಿಂತ ತೆಳ್ಳಗಿನ ಒಂದು ಪಟ್ಟಿ. ಹದಿನಾರು ಜಿಬಿಯದು ಒಂದೇ ಪಟ್ಟಿ ಹಾಕುವುದೋ, ಎಂಟೆಂಟರದು ಎರಡು ಹಾಕುವುದೋ ಅಂತ ಟೀಚರು ಕೇಳಿದ್ದಕ್ಕೆ ತಮ್ಮ, "ಎರಡು. ಭಾರ ಯಾವತ್ತೂ ಎರಡು ಕಡೆ ಸಮ ಬೀಳಬೇಕು," ಅಂದ. ಅದೇ ಸರಿಯಾದ ಉತ್ತರವಂತೆ. ಅವನಿಗೆ ಅದು ಹೇಗೆ ಗೊತ್ತಾಯಿತು ಅಂತ ಟೀಚರಿಗೇ ಆಶ್ಚರ್ಯ. ಕರೆಂಟ್ ಹಂಚುವ ಪವರ್ ಸಪ್ಲೈ ವಿಷಯದಲ್ಲಂತೂ ಇಬ್ಬರದೂ ಒಂದೇ ಮಾತು. ಜನ ಎಲ್ಲದಕ್ಕೂ ಖರ್ಚು ಮಾಡಿ ಕೊನೆಗೆ ಇದನ್ನು ಕಡಿಮೆ ದರ್ಜೆಯದು ತರುತ್ತಾರೆ, ಅದು ಸುಟ್ಟರೆ ಉಳಿದದ್ದನ್ನೂ ಸುಡುತ್ತದೆ ಅಂದರು ಟೀಚರು. "ವೈರಿಂಗಲ್ಲಿ ಉಳಿಸಿದೋನು ಉದ್ಧಾರ ಆಗಿದ್ದನ್ನ ನಾನು ನೋಡಿಲ್ಲ," ಅಂದ ತಮ್ಮ.

ಪೆಟ್ಟಿಗೆಯ ವಿಷಯಕ್ಕೆ ಮಾತ್ರ ಜಗಳ. ಗಾಜಿನ ಬಾಗಿಲು, ಒಳಗೆ ಬಣ್ಣಬಣ್ಣದ ದೀಪ ಇರುವ ಪೆಟ್ಟಿಗೆಯ ಚಿತ್ರ ತೋರಿಸಿದರು ಟೀಚರು. ಅವರಿಗೆ ಅದರ ಮೇಲೆ ಸ್ವಲ್ಪ ಆಸೆ ಇತ್ತು ಅಂತ ನನಗೆ ದನಿಯಲ್ಲೇ ತಿಳಿಯಿತು.

"ಇದೇನು, ಮದುವೆ ದಿಬ್ಬಣದ ಗಾಡಿನಾ?" ಅಂದ ತಮ್ಮ. "ದೀಪ ತೆಗೀರಿ, ಗಾಜು ತೆಗೀರಿ. ಮುಂದುಗಡೆ ಜಾಲರಿ ಇರ್ಲಿ, ಗಾಳಿ ಆಡ್ಲಿ. ಉಳಿದಿದ್ದನ್ನ ಪರದೆಗೆ ಹಾಕಿ. ನಂಗೆ ಎರಡೂ ಕನ್ನಡಿ ಕಾಣ್ಬೇಕು."

ಆ ಕೊನೆಯ ಮಾತಿಗೆ ಟೀಚರು ಪೆನ್ಸಿಲ್ ಎತ್ತಿ ಹಿಡಿದರು. ಬಸ್ಸಿನ ಬಲಗನ್ನಡಿ, ಎಡಗನ್ನಡಿ ಎರಡೂ ಕತ್ತು ಹೊರಳಿಸದೆ ಕಾಣಬೇಕಾದರೆ ಅಗಲದ ಪರದೆ ಬೇಕು. ಅದಕ್ಕೆ ಹಣ ಹೊಂದಿಸಲೆಂದು ತಾವು ಬರೆದಿದ್ದ ದೊಡ್ಡ ಕಾರ್ಡನ್ನು ಹೊಡೆದುಹಾಕಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನು ಬರೆದರು. "ಎಲೆ ಎಲೆ ಎಣಿಸೋ ಹಾಗೆ ಮರ ಕಾಣಲ್ಲ ಸರ್. ನಡಿಯುತ್ತಾ?"

"ಡ್ಯೂಟೀಲಿ ಮರ ನೋಡ್ಕೊಂಡು ಕೂತಿದ್ರೆ ನನ್ನನ್ನ ಮನೆಗೆ ಕಳಿಸ್ತಿದ್ರು."

ಅಂಗಡಿಯವರು ದೊಡ್ಡ ಪಾರ್ಟು ಬಿಟ್ಟು ಚಿಕ್ಕದು ಬರೆದದ್ದನ್ನು ನಾನು ಅವತ್ತೇ ನೋಡಿದ್ದು.

ಇಷ್ಟೆಲ್ಲ ಆದರೂ ಎಡಗೈ ಎದೆ ಬಿಟ್ಟು ಕದಲಲಿಲ್ಲ. ಬಾಯಿ ಬಿಚ್ಚಿದ್ದ, ಮುಷ್ಟಿ ಬಿಚ್ಚಿರಲಿಲ್ಲ. ಎರಡನೇ ತಿಂಗಳೂ ಮುಗಿಯುತ್ತಾ ಬಂದಿತ್ತು.

ಪೆಟ್ಟಿಗೆ ಜೋಡಿಸಿದ್ದು ನಮ್ಮ ನಡುಮನೆಯಲ್ಲೇ, ಒಂದು ಭಾನುವಾರ ಬೆಳಿಗ್ಗೆ. ಟೀಚರು ಹಾಳೆ ಹಾಸಿದರು, ಸ್ಕ್ರೂ ಹರವಿದರು. ಬೋರ್ಡು ಮುಟ್ಟುವ ಮುಂಚೆ ಪ್ರತಿ ಸಲ ಎದ್ದು ಹೋಗಿ ಕಿಟಕಿಯ ಕಬ್ಬಿಣದ ಸರಳು ಮುಟ್ಟಿ ಬರುತ್ತಿದ್ದರು. ತಮ್ಮನ ಹೆಂಡತಿ ಅದನ್ನು ಭಕ್ತಿ ಅಂದುಕೊಂಡು ತಾನೂ ಒಮ್ಮೆ ಸರಳು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಅಯ್ಯೋ, ಅದೇನೂ ಇಲ್ಲಮ್ಮಾ. ಮೈಯಲ್ಲಿರೋ ಕರೆಂಟು ಬೋರ್ಡಿಗೆ ತಾಗಬಾರದು ಅಂತ," ಅಂದರು ಟೀಚರು. "ಇರ್ಲಿ ಬಿಡಿ, ಮುಟ್ಟಿದ್ದು ಮುಟ್ಟಿದೆ," ಅಂದಳು ಅವಳು.

ಪ್ರೊಸೆಸರ್ರು ಅಂದರೆ ಅಂಚೆ ಚೀಟಿಗಿಂತ ಸ್ವಲ್ಪ ದೊಡ್ಡದು. ಅದರ ಮೂಲೆಯ ಚಿನ್ನದ ಗುರುತನ್ನು ಬೋರ್ಡಿನ ಗುರುತಿಗೆ ಹೊಂದಿಸಿ ಕೈಬಿಟ್ಟರೆ ತಾನೇ ಕೂತಿತು. ಒತ್ತಲೇ ಇಲ್ಲ. ರ‍್ಯಾಮಿನ ಪಟ್ಟಿಗಳನ್ನು ಎರಡನೆಯ, ನಾಲ್ಕನೆಯ ಸಂದಿಗೆ ಇಟ್ಟು ಒತ್ತಿದರು, ಟಕ್ ಟಕ್ ಅಂದವು. ಊಟದ ಹೊತ್ತಿಗೆ ಎಲ್ಲ ಮುಗಿಯಿತು. ಮೇಜಿಗೆ ಸ್ಟೇರಿಂಗ್ ಬಿಗಿದರು, ಕೆಳಗೆ ಮೂರು ಪೆಡಲ್, ಎಡಪಕ್ಕಕ್ಕೆ ಗೇರಿನ ಕೋಲು. ಅದು ಬಲಕ್ಕೂ ಎಡಕ್ಕೂ ತಿರುಗಿಸಿ ಹಾಕಬಹುದಾದ ಕೋಲು. ಅಂಥದ್ದಕ್ಕೆ ಟೀಚರು ಹನ್ನೊಂದು ದಿನ ಕಾದಿದ್ದರು.

ಗುಂಡಿ ಒತ್ತಿದರೆ ಸದ್ದೇ ಇಲ್ಲದೆ ಹತ್ತಿಕೊಂಡಿತು. ಅಗಲ ಪರದೆಯಲ್ಲಿ ಬಸ್ಸಿನ ಒಳಗು. ಡ್ರೈವರ್ ಸೀಟು, ಎರಡು ಕನ್ನಡಿ, ಎದುರಿಗೆ ಯಾವುದೋ ಊರಿನ ಬೀದಿ. ಎಂಜಿನ್ ಗುರುಗುಟ್ಟಿತು. ತಮ್ಮ ಬಂದು ಕುರ್ಚಿಯಲ್ಲಿ ಕೂತ. ಕುರ್ಚಿ ಮುಂದೆ ಎಳೆದುಕೊಂಡ, ಬೆನ್ನು ನೆಟ್ಟಗೆ ಮಾಡಿದ. ಬಲಗೈ ಸ್ಟೇರಿಂಗ್ ಮೇಲಿಟ್ಟ.

ಅಷ್ಟಕ್ಕೇ ನಿಲ್ಲಿಸಿಬಿಟ್ಟ.

ಒಂದು ನಿಮಿಷವಾಯಿತು, ಎರಡಾಯಿತು. ಪರದೆಯಲ್ಲಿ ಜನ ಓಡಾಡುತ್ತಿದ್ದರು, ಬಸ್ಸು ಮಾತ್ರ ಹಂದಲಿಲ್ಲ. "ಸರ್, ಹೊರಡಿ," ಅಂದರು ಟೀಚರು. ಅವನು ಹ್ಞೂಂ ಅಂದ, ಹೊರಡಲಿಲ್ಲ. ಸ್ಟೇರಿಂಗಿನ ತಂತಿ ಸಡಿಲವಿರಬೇಕು ಅಂತ ಟೀಚರು ತೆಗೆದು ಹಾಕಿದರು. ಹಿಂದಿನ ಬೇರೆ ತೂತಿಗೆ ಹಾಕಿ ನೋಡಿದರು. ಕೊನೆಗೆ ಯಂತ್ರ ಆರಿಸಿ, ಕಿಟಕಿಯ ಸರಳು ಮುಟ್ಟಿ ಬಂದು, ಪಕ್ಕದ ಬಾಗಿಲು ಬಿಚ್ಚಿ, ಒಂದೊಂದು ಪಟ್ಟಿಯನ್ನೂ ಒತ್ತಿ ನೋಡಿದರು. ಮತ್ತೆ ಹಚ್ಚಿದರು. ಮತ್ತೆ ಎಂಜಿನ್ ಗುರುಗುಟ್ಟಿತು, ಮತ್ತೆ ಅವನು ಕೂತ, ಮತ್ತೆ ಅಷ್ಟೇ.

"ನಾನು ಹೇಳಿದ್ನಾ ಇಲ್ವಾ?" ಅಂದಳು ತಮ್ಮನ ಹೆಂಡತಿ. ಆದರೆ ಗೆದ್ದವಳ ದನಿ ಅಲ್ಲ ಅದು.

ಟೀಚರು ನೆಲದ ಮೇಲೆ ಕೂತುಬಿಟ್ಟರು. "ನಂದೇ ತಪ್ಪು ಅಮ್ಮಾ," ಅಂದರು ನನಗೆ ಮೆಲ್ಲಗೆ. "ಪೆಟ್ಟಿಗೇಲಿ ಎಲ್ಲ ಸರಿ ಇದೆ. ಅವರಿಗೆ ಹೊಂದುತ್ತಾ ಅಂತ ನೋಡಿದೆ, ಅವರಿಗೆ ಬೇಕಾ ಅಂತ ಕೇಳಲೇ ಇಲ್ಲ."

ನನಗೆ ಮಾತ್ರ ಹಾಗನ್ನಿಸಲಿಲ್ಲ. ಬೇಡವಾದವನು ಬೆನ್ನು ಅಷ್ಟು ನೆಟ್ಟಗೆ ಮಾಡಿ ಕೂರುವುದಿಲ್ಲ. ನಾನು ಅವನ ಹಿಂದೆ ಹೋಗಿ ನಿಂತು ಕಿವಿಗೊಟ್ಟೆ. ಅವನ ಉಸಿರು ಒಂದೇ ಸಮ ಇತ್ತು. ಕಣ್ಣು ಎದುರಿನ ರಸ್ತೆಯ ಮೇಲಿರಲಿಲ್ಲ. ಎಡಗನ್ನಡಿ, ಅಂದರೆ ಬಾಗಿಲ ಕಡೆಯ ಕನ್ನಡಿ ನೋಡುತ್ತಿತ್ತು. ತಲೆ ಒಂದಿಷ್ಟು ಹಿಂದಕ್ಕೆ ವಾಲಿತ್ತು, ಹಿಂದಿನಿಂದ ಬರುವ ಯಾವುದಕ್ಕೋ ಕಿವಿ ಕೊಟ್ಟವನ ಹಾಗೆ. ನಾನು ಅಂಗಿ ಫ್ಯಾಕ್ಟರಿಗೆ ಎಷ್ಟೋ ವರ್ಷ ಅವನ ಬಸ್ಸಿನಲ್ಲೇ ಹೋದವಳು. ಆ ತಲೆಯನ್ನು ಹಿಂದಿನ ಸೀಟಿನಿಂದ ಸಾವಿರ ಸಲ ನೋಡಿದ್ದೇನೆ. ಅದು ಹಾಗೆ ವಾಲುವುದು ಯಾವಾಗ ಅಂತ ಥಟ್ಟನೆ ಹೊಳೆಯಿತು. ಕೊನೆಯ ಪ್ರಯಾಣಿಕ ಹತ್ತಿದ್ದಾನೆ, ಇನ್ನು ಕಂಡಕ್ಟರ್ ಹೇಳಬೇಕು. ಕಂಡಕ್ಟರ್ ಹೇಳದೆ ಡ್ರೈವರ್ ಚಕ್ರ ಉರುಳಿಸುವುದಿಲ್ಲ. ಯಾರೋ ಕಾಲು ಮೆಟ್ಟಿಲ ಮೇಲಿಟ್ಟಿರಬಹುದು, ಮುದುಕಿಯೊಬ್ಬಳು ಇನ್ನೂ ಇಳಿಯುತ್ತಿರಬಹುದು. ಮೂವತ್ತೊಂದು ವರ್ಷ ಆ ಒಂದು ಮಾತಿಲ್ಲದೆ ಅವನು ಗಾಡಿ ಎತ್ತಿದ್ದಿಲ್ಲ.

ಪಕ್ಕದ ಕಬ್ಬಿಣದ ಬೀರುವಿಗೆ ಅಂಗೈಯಿಂದ ಎರಡೇಟು ಬಡಿದು, ಗಂಟಲಿದ್ದಷ್ಟು ಕೂಗಿದೆ.

"ರೈಟ್! ರೈಟ್!"

ಎಡಗೈ ಎದೆ ಬಿಟ್ಟಿತು.

ತಾನಾಗಿಯೇ ಬಿಟ್ಟಿತು, ನಾನು ಕಣ್ಣಾರೆ ನೋಡಿದೆ. ನಡುಗುತ್ತಾ ಕೆಳಗಿಳಿದು ಗೇರಿನ ಕೋಲಿನ ಮೇಲೆ ಬಿತ್ತು. ಬೆರಳು ಪೂರ್ತಿ ಬಿಚ್ಚಲಿಲ್ಲ, ಮುಷ್ಟಿಯಿಂದಲೇ ಕೋಲನ್ನು ಮುಂದೆ ನೂಕಿತು. ಎಡಗಾಲು ಕ್ಲಚ್ಚು ಒತ್ತಲಾರದೆ ಜಾರಿತು, ಬಸ್ಸು ಒಂದು ಸಲ ಕುಣಿದು ನಿಂತುಹೋಯಿತು.

ತಮ್ಮ ಹಿಂದೆ ತಿರುಗಿ ನನ್ನನ್ನು ದುರುಗುಟ್ಟಿ ನೋಡಿದ. "ಇಷ್ಟೊತ್ತು ಏನ್ ಮಾಡ್ತಿದ್ದೆ ಅಕ್ಕಾ? ಟೈಮಾಗ್ತಾ ಇಲ್ವಾ?"

ತಾನು ಯಾತಕ್ಕೆ ಕಾಯುತ್ತಿದ್ದೆ ಅನ್ನುವುದು ಕೂಗು ಕೇಳುವ ತನಕ ಅವನಿಗೇ ಗೊತ್ತಿರಲಿಲ್ಲವಂತೆ. ಕೂರೋದು ಕೂತೆ, ಯಾಕೋ ಹೊರಡೋಕೆ ಮನಸ್ಸು ಬರಲಿಲ್ಲ ಅಂದ, ಅಷ್ಟೆ. ಟೀಚರು ನೆಲದ ಮೇಲೆ ಕೂತಲ್ಲೇ ನಗಲು ಶುರುಮಾಡಿದವರು ಅಳುವ ತನಕ ನಕ್ಕರು. "ನಾನು ರ‍್ಯಾಮು ಒತ್ತಿ ಒತ್ತಿ ನೋಡ್ತಿದೀನಿ! ಈ ಪಾರ್ಟು ಯಾವ ಕ್ಯಾಟಲಾಗಲ್ಲೂ ಇಲ್ವಲ್ಲ ಅಮ್ಮಾ!"

ಕ್ಲಚ್ಚಿನ ತೊಂದರೆ ಉಳಿಯಿತು. ಗೇರು, ಕ್ಲಚ್ಚು ಎರಡನ್ನೂ ಯಂತ್ರವೇ ನೋಡಿಕೊಳ್ಳುವ ಹಾಗೆ ಮಾಡಬಹುದು ಅಂದರು ಟೀಚರು. "ಹಾಗಾದ್ರೆ ನಾನ್ಯಾಕೆ? ಟಿಕೆಟ್ ತಗೊಂಡು ಹಿಂದೆ ಕೂತ್ಕೋತೀನಿ," ಅಂದ ತಮ್ಮ. ಟೀಚರು ಪೆಡಲನ್ನು ಬಿಚ್ಚಿಕೊಂಡು ಹೋದರು. ನಾಲ್ಕು ದಿನ ಅದು ಅವರ ಮೇಜಿನ ಮೇಲಿತ್ತು. ಒಳಗಿನ ಬಿರುಸು ಸ್ಪ್ರಿಂಗ್ ತೆಗೆದು, ಹಾಳಾದ ಪ್ರಿಂಟರಿನೊಳಗಿನ ಮೆತ್ತನೆಯ ಸ್ಪ್ರಿಂಗ್ ಹಾಕಿ ನೋಡಿದರು. ತೀರಾ ಮೆತ್ತಗಾಯಿತು. ಎರಡು ಸೇರಿಸಿ ಹಾಕಿದರು. ಆಗ ಸರಿಹೋಯಿತು. ತಿಂಗಳು ಕಳೆದಂತೆ ಒಂದೊಂದೇ ಗಟ್ಟಿ ಸ್ಪ್ರಿಂಗ್ ತಂದು ಬದಲಾಯಿಸಿದರು. ಕಾಲಿಗೆ ಗೊತ್ತಾಗದ ಹಾಗೆ ಬಲ ಬಂತು. ಇದಕ್ಕೆ ಏನು ಕೊಡಲಿ ಅಂತ ನಾನು ಕೇಳಿದರೆ, "ಹಾಳಾದ ಪ್ರಿಂಟರಿಗೆ ಏನಮ್ಮಾ ಬೆಲೆ," ಅನ್ನುತ್ತಿದ್ದರು.

ಕಂಡಕ್ಟರ್ ಕೆಲಸ ಮನೆಯವರಿಗೆಲ್ಲ ಹಂಚಿಕೆಯಾಯಿತು. ಬೆಳಿಗ್ಗೆಯ ಪಾಳಿ ನನ್ನದು. ಸಂಜೆಯದು ತಮ್ಮನ ಹೆಂಡತಿಯದು. ಅವಳಂತೂ ಹುಟ್ಟಾ ಕಂಡಕ್ಟರ್. ತರಕಾರಿ ಹೆಚ್ಚುತ್ತಾ ಅಡುಗೆಮನೆಯಿಂದಲೇ, "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಹೋಗಿ, ಒಳಗೆ ಹೋಗಿ, ರೈಟ್!" ಅಂತ ಕೂಗುತ್ತಿದ್ದಳು. ನನ್ನ ಕಡೆ ತಿರುಗಿ, "ನೋಡಿದ್ರಾ ಅತ್ತಿಗೆ? ಮದುವೆಯಾಗಿ ಇಷ್ಟು ವರ್ಷ ನಾನು ಏನು ಹೇಳಿದ್ರೂ ಹಂದದ ಮನುಷ್ಯ, ಒಂದು ರೈಟಿಗೆ ಹೊರಡ್ತಾರೆ. ಮೊದಲೇ ಗೊತ್ತಿದ್ದಿದ್ರೆ!" ಅನ್ನುವಳು.

"ಕಂಡಕ್ಟರ್ ಡ್ಯೂಟೀಲಿ ಮಾತಾಡಬಾರದು," ಅನ್ನುವನು ಒಳಗಿನಿಂದ ತಮ್ಮ.

ಮುಷ್ಟಿ ಮೊದಲು ಅಂಗೈಯಾಯಿತು. ಅಂಗೈಯಿಂದ ಗೇರಿನ ಗುಂಡು ಹಿಡಿಯಲು ಹೆಬ್ಬೆರಳು ಹೊರಟಿತು. ನಾಲ್ಕನೇ ತಿಂಗಳಿಗೆ ಐದೂ ಬೆರಳು ಗುಂಡಿನ ಸುತ್ತ ಬಂದವು. ವ್ಯಾಯಾಮದ ಹೆಂಗಸು ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಬಗ್ಗಿಸಿ ನೋಡಿದರು. "ಕೊನೆಗೂ ಚೆಂಡು ಹಿಚುಕಿದ್ರಿ ಅನ್ನಿ," ಅಂದರು. "ಯಾವ ಚೆಂಡು?" ಅಂದ ತಮ್ಮ. ಇನ್ನು ಬೆರಳು ಮರಗಟ್ಟುವ ಭಯವಿಲ್ಲ, ಸಣ್ಣ ಸಾಮಾನು ಹಿಡಿಯುವುದು ಮಾತ್ರ ನಿಧಾನವಾಗಿ ಬರಬೇಕು ಅಂತ ಹೇಳಿ ಹೋದರು.

ಜನ ದೇವರಿಗೆ ಕೈಮುಗಿಯುತ್ತಾರೆ, ಡಾಕ್ಟರಿಗೆ ಕೈಮುಗಿಯುತ್ತಾರೆ. ನಾನೂ ಮುಗಿಯುತ್ತೇನೆ. ಆದರೆ ನನ್ನ ತಮ್ಮನಿಗೆ ಇಂಥ ಕೈಗೆ ಇಂಥ ಕೋಲು, ಇಂಥ ಕಾಲಿಗೆ ಇಂಥ ಸ್ಪ್ರಿಂಗು ಅಂತ ಆರಿಸಿದವರು ಒಂದು ಕೋಣೆಯ ಅಂಗಡಿಯವರು. ಅವರಿಗೆ ಇದೊಂದು ದೊಡ್ಡ ವಿಷಯ ಅಂತಲೇ ಅನ್ನಿಸಿಲ್ಲ. ನಾನು ಥ್ಯಾಂಕ್ಸ್ ಅಂದರೆ ಫ್ಯಾನಿನ ಸದ್ದು ಹೇಗಿದೆ ಅಂತ ವಿಚಾರಿಸುತ್ತಾರೆ. ಅದಕ್ಕೇ ಬರೆದೆ. ಬರೆದದ್ದನ್ನು ಯಾರಾದರೂ ಓದಿ ಅವರಿಗೆ ಹೇಳಿದರೆ ಅಡ್ಡಮಾತಾಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಕಳೆದ ವಾರ ಟೀಚರು ಪೆಟ್ಟಿಗೆಯ ಧೂಳು ತೆಗೆಯಲು ಬಂದಿದ್ದರು. ಎಂಟು ತಿಂಗಳಾಗಿತ್ತು, ಜಾಲರಿಯ ಮೇಲೆ ಹತ್ತಿಯ ಹಾಗೆ ಧೂಳು ಕೂತಿತ್ತು. ಅವರು ಹಾಳೆ ಹಾಸುವಷ್ಟರಲ್ಲಿ ತಮ್ಮ ಸ್ಟೂಲ್ ಎಳೆದುಕೊಂಡು ಬಂದು ಕೂತ. "ಕೊಡಿ ಇಲ್ಲಿ. ಗಾಡಿ ನಂದು," ಅಂದ.

ಬಲಗೈಯಿಂದ ಸ್ಕ್ರೂಗಳನ್ನು ಬಿಚ್ಚಿ ಹಾಳೆಯ ಮೇಲಿಟ್ಟ. ಧೂಳು ಒರೆಸಿದ, ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ಬ್ರಷ್ಷಿನಿಂದ ಉಜ್ಜಿದ. ಬಾಗಿಲು ಹಾಕುವ ಹೊತ್ತು ಬಂತು. ಸ್ಕ್ರೂ ಹಾಕಲು ಒಂದು ಕೈ ಸಾಲದು. ಒಂದು ಹಿಡಿಯಬೇಕು, ಒಂದು ತಿರುಗಿಸಬೇಕು. ಟೀಚರು ಮುಂದೆ ಬಾಗಿದವರು ನನ್ನ ಮುಖ ನೋಡಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

ತಮ್ಮ ಎಡಗೈಯ ಎರಡು ಬೆರಳಲ್ಲಿ ಸ್ಕ್ರೂ ಹಿಡಿದ. ಅಕ್ಕಿಗಿಂತ ಸ್ವಲ್ಪ ದಪ್ಪ. ತೂತಿನ ಬಳಿ ಒಯ್ಯುವಷ್ಟರಲ್ಲಿ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು, ಉರುಳಿ ಮೇಜಿನ ಕೆಳಗೆ ಹೋಯಿತು. ತಮ್ಮನ ಹೆಂಡತಿ ಬಗ್ಗಲು ಹೋದಳು, ನಾನು ಅವಳ ಸೆರಗು ಹಿಡಿದೆ. ಅವನೇ ಸ್ಟೂಲಿನಿಂದ ಇಳಿದು ಹುಡುಕಿ ತಂದ. ಹಣೆಯಲ್ಲಿ ಬೆವರು. ಮೂರನೇ ಸಲ ಸ್ಕ್ರೂ ತೂತಿನ ಬಾಯಿಗೆ ತಾಗಿತು, ಬಲಗೈ ಅದರ ತಲೆಯ ಮೇಲೆ ಸ್ಕ್ರೂಡ್ರೈವರ್ ಇಟ್ಟಿತು. ಅರ್ಧ ಸುತ್ತು. ಕಚ್ಚಿಕೊಂಡಿತು.

ಟೀಚರು ಕತ್ತು ಚಾಚಿ ನೋಡುತ್ತಿದ್ದರು.

"ಟೀಚರೇ," ಅಂದ ತಮ್ಮ ತಲೆ ಎತ್ತದೆ, ಇನ್ನೊಂದು ಸ್ಕ್ರೂವಿಗೆ ಎಡಗೈ ಚಾಚುತ್ತಾ, "ಸ್ವಲ್ಪ ಆ ಕಡೆ ಸರೀರಿ. ಬೆಳಕಿಗೆ ಅಡ್ಡ ನಿಂತಿದೀರಿ."